ಕಾಗುಣಿತಭೇದಗಳ ಹೊಂದಾಣಿಕೆ: ಗಣನಕ್ರಮಗಳು ಮತ್ತು ಕನ್ನಡ ವಿಭಾಗಗಳ ಹೊಣೆ

ಹಳಗನ್ನಡ ಕಾವ್ಯಗಳೂ ಶಾಸನಸಂಪುಟಗಳೂ ಗಣಕಕ್ಕೆ ಏರತೊಡಗಿದ ಮೇಲೆ ಸಂಶೋಧಕರ ಮೊದಲ ಕೆಲಸ ಓದುವುದಕ್ಕಿಂತ ಹುಡುಕುವುದು ಎಂಬಂತಾಗಿದೆ. ಈ ಹುಡುಕಾಟ ಒಂದು ಸರಳ ನಂಬಿಕೆಯ ಮೇಲೆ ನಿಂತಿದೆ. ‘ಧರ್ಮ’ ಎಂದು ಕೇಳಿದವರಿಗೆ ‘ಧರ್ಮ್ಮ’ವೂ, ‘ಶಕವರ್ಷ’ ಎಂದು ಕೇಳಿದವರಿಗೆ ‘ಸಕವರ್ಷ’, ‘ಸಕವರುಷ’ಗಳೂ ದೊರೆಯುತ್ತವೆ ಎಂಬುದೇ ಆ ನಂಬಿಕೆ. ದೊರೆಯದೆ ಹೋದ ರೂಪ ಇದ್ದೂ ಇಲ್ಲದಂತೆ. ಅಚ್ಚಿನ ಸಂಪುಟದ ಪುಟ ತಿರುವುವವರ ಕಣ್ಣಿಗೆ ಬೇರೆ ಕಾಗುಣಿತದ ರೂಪ ಹೇಗೋ ಬೀಳುತ್ತದೆ. ಗಣಕದ ಪರದೆಯ ಮೇಲೆ ಹಾಗೆ ಬೀಳುವ ಅವಕಾಶವಿಲ್ಲ. ತಪ್ಪಿಹೋದುದು ತಪ್ಪಿಹೋಯಿತೆಂದು ಹುಡುಕಿದವರಿಗೆ ತಿಳಿಯುವುದೂ ಇಲ್ಲ. ‘ಈ ಪದ ಹನ್ನೆರಡನೆಯ ಶತಮಾನಕ್ಕೆ ಮೊದಲು ಪ್ರಯೋಗದಲ್ಲಿಲ್ಲ’ ಎಂಬಂಥ ತೀರ್ಮಾನವೊಂದು ಕೇವಲ ಒಂದು ಒತ್ತಕ್ಷರದ ಮೇಲೆ ನಿಂತಿರಬಹುದೆಂಬುದು ಆತಂಕದ ಸಂಗತಿ.

ಭಿನ್ನ ಕಾಗುಣಿತದ ರೂಪಗಳನ್ನು ಒಂದೇ ಪದವೆಂದು ಗುರುತಿಸಲು ಗಣಕವಿಜ್ಞಾನದಲ್ಲಿ ಹಲವು ಗಣನಕ್ರಮಗಳಿವೆ. ಅಲ್ಗಾರಿದಂ ಎಂಬ ಹೆಸರಿನಿಂದ ಅವು ಪರಿಚಿತ. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಸಾಮಾನ್ಯವಾಗಿ ಗಣಕತಜ್ಞರಿಗೆ ಬಿಟ್ಟುಕೊಡುತ್ತವೆ. ಕನ್ನಡದ ಮಟ್ಟಿಗೆ ಇದು ಗಣಕತಜ್ಞರು ಒಬ್ಬರೇ ಉತ್ತರಿಸಬಲ್ಲ ಪ್ರಶ್ನೆಯಲ್ಲ. ಬಹುಪಾಲು ಇದು ಕನ್ನಡ ವ್ಯಾಕರಣದ, ಗ್ರಂಥಸಂಪಾದನೆಯ ಪ್ರಶ್ನೆ.

ಈ ಕ್ರಮಗಳ ಹುಟ್ಟನ್ನು ಮೊದಲು ಗಮನಿಸಬೇಕು. ಸೌಂಡೆಕ್ಸ್ ಎಂಬ ಕ್ರಮಕ್ಕೆ ೧೯೧೮ರಲ್ಲಿ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ದೊರೆಯಿತು. ಇಂಗ್ಲಿಷ್ ಬರೆಹದಲ್ಲಿನ ಮನೆತನದ ಹೆಸರುಗಳನ್ನು ಜೋಡಿಸಿಡುವುದು ಅದರ ಉದ್ದೇಶ. ೧೯೬೪ರಲ್ಲಿ ಡಾಮೆರೌ ಎಂಬಾತ ಕಾಗುಣಿತದ ತಪ್ಪುಗಳಲ್ಲಿ ಶೇಕಡ ೮೦ರಷ್ಟು ಒಂದೇ ಅಕ್ಷರದ ಸೇರ್ಪಡೆ, ಲೋಪ, ಬದಲಾವಣೆ ಅಥವಾ ಸ್ಥಾನಪಲ್ಲಟದಿಂದ ಆದವು ಎಂದು ತೋರಿಸಿದ. ಸೋವಿಯತ್ ಗಣಿತಜ್ಞ ಲೆವೆನ್‌ಸ್ಟೈನ್ ೧೯೬೫ರಲ್ಲಿ ಮಂಡಿಸಿದ ‘ಅಂತರ’ದ ಕಲ್ಪನೆ ಸಂಕೇತಗಳ ರವಾನೆಯಲ್ಲಿ ಉಂಟಾಗುವ ದೋಷಗಳನ್ನು ಕುರಿತದ್ದು. ಜಾರೋ ೧೯೮೯ರಲ್ಲಿ ಪ್ರಕಟಿಸಿದ, ವಿಂಕ್ಲರ್ ೧೯೯೦ರಲ್ಲಿ ತಿದ್ದಿದ ಸಾದೃಶ್ಯಮಾನ ಅಮೆರಿಕದ ಜನಗಣತಿಯ ಅಗತ್ಯಗಳಿಂದ ಬಂದುದು. ಇವೆಲ್ಲದರ ಹಿಂದೆ ಇರುವ ಪರಿಕಲ್ಪನೆ ಒಂದೇ: ಒಂದು ಸರಿಯಾದ ರೂಪವಿದೆ, ಇನ್ನೊಂದು ಅದರಿಂದ ಜಾರಿದ ತಪ್ಪು. ಆದರೆ ‘ಧರ್ಮ್ಮ’ ತಪ್ಪಲ್ಲ. ರೇಫದ ಮುಂದಿನ ವ್ಯಂಜನ ವಿಕಲ್ಪವಾಗಿ ದ್ವಿತ್ವಗೊಳ್ಳಲು ಪಾಣಿನಿಯೇ ಅನುಮತಿ ನೀಡಿದ್ದಾನೆ. ಶಾಸನಕವಿಗಳು ಆ ಪದ್ಧತಿಯನ್ನು ಅನುಸರಿಸಿದರು. ತಪ್ಪನ್ನು ತಿದ್ದಲು ರೂಪಿಸಿದ ಉಪಕರಣವನ್ನು ಪರಂಪರೆಯೊಂದನ್ನು ಅರಿಯಲು ಬಳಸುವಾಗ ಎಚ್ಚರ ಬೇಕು.

ಲೆವೆನ್‌ಸ್ಟೈನ್ ಅಂತರವೆಂದರೆ ಒಂದು ರೂಪವನ್ನು ಇನ್ನೊಂದಾಗಿಸಲು ಬೇಕಾಗುವ ಕನಿಷ್ಠ ಬದಲಾವಣೆಗಳ ಸಂಖ್ಯೆ. ಯುನಿಕೋಡ್ ಬರೆಹದಲ್ಲಿ ‘ಧರ್ಮ’ಕ್ಕೆ ನಾಲ್ಕು ಸಂಕೇತಗಳು: ಧ, ರ, ಹಲಂತಚಿಹ್ನೆ, ಮ. ‘ಧರ್ಮ್ಮ’ಕ್ಕೆ ಇನ್ನೊಂದು ಹಲಂತಚಿಹ್ನೆ ಮತ್ತು ಇನ್ನೊಂದು ಮಕಾರ ಸೇರಿ ಆರು. ಆದುದರಿಂದ ಇವೆರಡರ ಅಂತರ ೨. ‘ಕರ್ಮ’ಕ್ಕೂ ‘ಧರ್ಮ’ಕ್ಕೂ ಇರುವ ಅಂತರ ೧. ‘ಚರ್ಮ’, ‘ಮರ್ಮ’, ‘ಘರ್ಮ’ಗಳದ್ದೂ ೧. ಎಂದರೆ ಈ ಗಣನಕ್ರಮದ ಪ್ರಕಾರ ಧರ್ಮಕ್ಕೆ ಧರ್ಮ್ಮಕ್ಕಿಂತ ಕರ್ಮವೇ ಹತ್ತಿರ! ತತ್ತ್ವಶಾಸ್ತ್ರದಲ್ಲಿ ಇದಕ್ಕೆ ಸಮರ್ಥನೆ ದೊರೆತೀತು, ನಿಘಂಟುರಚನೆಯಲ್ಲಿ ದೊರೆಯದು.

ಎಣಿಕೆಯ ಘಟಕವನ್ನು ಬದಲಿಸಿದರೆ ಸಾಕೆಂದು ತೋರಬಹುದು. ಸಂಕೇತದ ಬದಲಿಗೆ ಅಕ್ಷರವನ್ನು ಘಟಕವಾಗಿ ಹಿಡಿದರೆ ‘ರ್ಮ’, ‘ರ್ಮ್ಮ’ ಎಂಬವು ಒಂದೊಂದೇ ಅಕ್ಷರ. ಆಗ ಧರ್ಮ್ಮವೂ ಕರ್ಮವೂ ಧರ್ಮದಿಂದ ಸಮಾನದೂರಕ್ಕೆ ಬರುತ್ತವೆ. ಇದು ಸುಧಾರಣೆಯೇ ಸರಿ. ಆದರೆ ಶಾಸನಗಳಲ್ಲೂ ಓಲೆಗರಿಗಳಲ್ಲೂ ‘ತಮ್ಮ’ ಎಂಬುದನ್ನು ‘ತಂಮ’ ಎಂದೂ ‘ಅಣ್ಣ’ ಎಂಬುದನ್ನು ‘ಅಂಣ’ ಎಂದೂ ಬರೆಯುವ ರೂಢಿ ಹೇರಳವಾಗಿದೆ. ಅಕ್ಷರವನ್ನು ಘಟಕವಾಗಿಸಿದರೆ ‘ತ-ಮ್ಮ’ ಮತ್ತು ‘ತಂ-ಮ’ಗಳಲ್ಲಿ ಎರಡಕ್ಕೆ ಎರಡೂ ಅಕ್ಷರ ಬೇರೆ. ಜೋಡಿಸಂಕೇತಗಳನ್ನು ಎಣಿಸುವ ಇನ್ನೊಂದು ಪ್ರಸಿದ್ಧ ಕ್ರಮದಲ್ಲಿ ಇವುಗಳಿಗೆ ಸಮಾನವಾದ ಒಂದು ಜೋಡಿಯೂ ಸಿಗುವುದಿಲ್ಲ, ಸಾದೃಶ್ಯ ಸೊನ್ನೆ. ಅದೇ ಕ್ರಮ ‘ತಮ್ಮ’ಕ್ಕೂ ‘ನಮ್ಮ’ಕ್ಕೂ ಮೂರರಲ್ಲಿ ಎರಡು ಪಾಲು ಸಾದೃಶ್ಯ ಕಾಣುತ್ತದೆ. ಧ್ವನಿಯನ್ನು ಘಟಕವಾಗಿ ಹಿಡಿದಾಗ ಮಾತ್ರ ‘ತಂಮ’ದ ಅಂತರ ಒಂದಕ್ಕೆ ಇಳಿಯುತ್ತದೆ, ‘ನಮ್ಮ’ದ್ದೂ ಅಷ್ಟೆ. ಘಟಕದ ಆಯ್ಕೆ ಪಕ್ಷಪಾತವನ್ನು ತೆಗೆಯಬಲ್ಲದು, ವಿವೇಕವನ್ನು ಕೊಡಲಾರದು.

ಜಾರೋ–ವಿಂಕ್ಲರ್ ಕ್ರಮದ ಸ್ಥಿತಿ ಕುತೂಹಲಕರವಾಗಿದೆ. ‘ಧರ್ಮ’ದ ವಿಷಯದಲ್ಲಿ ಅದು ಸರಿಯಾಗಿಯೇ ತೀರ್ಪು ಕೊಡುತ್ತದೆ: ಧರ್ಮ್ಮಕ್ಕೆ ೦.೯೩, ಕರ್ಮಕ್ಕೆ ೦.೮೩. ಪದದ ಆರಂಭ ಒಂದೇ ಆಗಿದ್ದರೆ ಹೆಚ್ಚು ಬೆಲೆ ಕೊಡುವುದು ವಿಂಕ್ಲರನ ತಿದ್ದುಪಡಿಯ ತಿರುಳು. ಹೆಸರು ಬರೆಯುವವರು ಮೊದಲ ಅಕ್ಷರದಲ್ಲಿ ಎಡವುವುದು ಕಡಮೆ ಎಂಬ ಅನುಭವ ಅದಕ್ಕೆ ಆಧಾರ. ಕನ್ನಡದಲ್ಲಿ ಆದುದು ಇದಕ್ಕೆ ವಿರುದ್ಧ. ಭಾಷೆಯ ಚರಿತ್ರೆಯ ಅತ್ಯಂತ ದೊಡ್ಡ ಧ್ವನಿವ್ಯತ್ಯಾಸ ನಡೆದದ್ದು ಪದದ ಮೊದಲಲ್ಲೇ. ‘ಪಳ್ಳಿ’ ‘ಹಳ್ಳಿ’ಯಾಯಿತು, ‘ಪುಲಿ’ ‘ಹುಲಿ’ಯಾಯಿತು, ‘ವಸದಿ’ ‘ಬಸದಿ’ಯಾಗಿ, ‘ವೀರ’ ‘ಬೀರ’ನಾಗಿ ನಿಂತ. ಈ ಕ್ರಮದಿಂದ ಲೆಕ್ಕ ಹಾಕಿದರೆ ‘ಹಳ್ಳಿ’ಗೂ ‘ಪಳ್ಳಿ’ಗೂ ೦.೮೭ರಷ್ಟು ಸಾದೃಶ್ಯ, ‘ಹಳ್ಳಿ’ಗೂ ನೀರು ಹರಿಯುವ ‘ಹಳ್ಳ’ಕ್ಕೂ ೦.೯೬. ಊರಹೆಸರುಗಳ ಅಧ್ಯಯನದಲ್ಲಿ ಈ ಉಪಕರಣವನ್ನು ಪರೀಕ್ಷಿಸದೆ ಬಳಸಿದವರ ಗತಿ ಏನಾದೀತೆಂದು ವಿವರಿಸಬೇಕಾಗಿಲ್ಲ.

ಸೌಂಡೆಕ್ಸ್ ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಮೊದಲಕ್ಷರವನ್ನು ಉಳಿಸಿಕೊಂಡು, ಮುಂದಿನ ಸ್ವರಗಳನ್ನು ಬಿಟ್ಟು, ವ್ಯಂಜನಗಳನ್ನು ಆರು ಗುಂಪುಗಳಿಗೆ ಇಳಿಸುವ ಆ ಕ್ರಮವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಕಲ್ಲು, ಕಾಲು, ಕೋಲು, ಕೂಲಿ, ಕುಲ, ಕಲೆ, ಕೊಲೆಗಳೆಲ್ಲ ಒಂದೇ ಮನೆಯ ಮಕ್ಕಳಾಗುತ್ತವೆ. ಹ್ರಸ್ವದೀರ್ಘಗಳಿಂದಲೇ ಅರ್ಥಭೇದ ತೋರುವ ಭಾಷೆಗೆ ಅದು ಹೊಂದುವುದಿಲ್ಲ. ಇಲ್ಲಿಯೂ ಒಂದು ತೊಡಕಿದೆ. ಶಾಸನಲಿಪಿಯಲ್ಲಿ ಸಾಮಾನ್ಯವಾಗಿ ಎಕಾರ–ಏಕಾರಗಳ, ಒಕಾರ–ಓಕಾರಗಳ ಭೇದ ಬರೆಹದಲ್ಲಿ ಕಾಣುವುದಿಲ್ಲ. ಅಚ್ಚಿನ ಪಾಠದಲ್ಲಿ ಕಾಣುವ ದೀರ್ಘ ಸಂಪಾದಕರ ಓದಿನ ಫಲ. ಆದುದರಿಂದ ಈ ಎರಡು ಸ್ವರಗಳ ಮಟ್ಟಿಗೆ ಹ್ರಸ್ವದೀರ್ಘ ವ್ಯತ್ಯಾಸಕ್ಕೆ ಕಡಮೆ ಬೆಲೆ, ಅಕಾರ–ಆಕಾರಗಳ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯ. ಇಂಥ ವಿವೇಚನೆ ಸಿದ್ಧವಾಗಿ ಬಂದ ಯಾವ ತಂತ್ರಾಂಶದಲ್ಲೂ ತಾನಾಗಿ ಇರಲಾರದು.

ಬದಲಾವಣೆಗಳಿಗೆಲ್ಲ ಒಂದೇ ಬೆಲೆ ಕಟ್ಟದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಬೆಲೆ ಕಟ್ಟುವ ತೂಕದ ಅಂತರವೊಂದೇ ಕನ್ನಡಕ್ಕೆ ಒಗ್ಗುವ ಮಾರ್ಗ ಎಂಬುದು ಈ ಹೋಲಿಕೆಯಿಂದ ಹೊರಡುವ ತಾತ್ಪರ್ಯ. ರೇಫದ ಮುಂದಿನ ದ್ವಿತ್ವಕ್ಕೆ ಬೆಲೆಯೇ ಇಲ್ಲವೆಂದರೆ ಧರ್ಮ್ಮ–ಧರ್ಮಗಳ ಅಂತರ ಸೊನ್ನೆಯಾಗಿ, ಕರ್ಮ ದೂರ ಉಳಿಯುತ್ತದೆ. ವರ್ಗಾನುನಾಸಿಕಕ್ಕೂ ಬಿಂದುವಿಗೂ, ಪದಾದಿಯ ಎಕಾರಕ್ಕೂ ಓಲೆಗರಿಯ ‘ಯೆ’ಕಾರಕ್ಕೂ, ಒಕಾರಕ್ಕೂ ‘ವೊ’ಕಾರಕ್ಕೂ ಇದೇ ನಿಯಮ. ಆ ತೂಕಗಳನ್ನು ನಿರ್ಧರಿಸುವವರು ಯಾರು? ಜೋಡಿಗಳ ದೊಡ್ಡ ಪಟ್ಟಿ ಸಿಕ್ಕರೆ ಗಣಕವೇ ತೂಕಗಳನ್ನು ಕಲಿಯಬಲ್ಲದೆಂಬುದು ೧೯೯೦ರ ದಶಕದ ಕೊನೆಯಿಂದಲೇ ತಿಳಿದಿದೆ. ಇಂದಿನ ನರಜಾಲ ಮಾದರಿಗಳು ಇನ್ನೂ ಚೆನ್ನಾಗಿ ಕಲಿಯುತ್ತವೆ. ಅವು ಕಲಿಯುವುದು ಕೊಟ್ಟ ಜೋಡಿಗಳಿಂದ. ಜೋಡಿಗಳನ್ನು ಕೊಡಬೇಕಾದವರು ಕನ್ನಡ ಬಲ್ಲವರು.

ಈ ಕೆಲಸದ ಬುನಾದಿ ಏಳೂವರೆ ಶತಮಾನಗಳ ಹಿಂದೆಯೇ ಬಿದ್ದಿದೆ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣ ಗಣಕದ ಕಣ್ಣಿನಿಂದ ನೋಡಿದರೆ ಬದಲಾವಣೆಯ ನಿಯಮಗಳ ಸಂಗ್ರಹವೇ ಆಗಿದೆ: ಶಕಾರ ಷಕಾರಗಳು ಸಕಾರವಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು, ಯಕಾರ ಜಕಾರವಾಗುವುದು. ಶಿಥಿಲದ್ವಿತ್ವದ ವಿವೇಚನೆಯಂತೂ ಒಂದೇ ಬರೆಹಕ್ಕೆ ಛಂದಸ್ಸಿನಲ್ಲಿ ಎರಡು ಬಗೆಯ ಬೆಲೆ ಇರುವುದನ್ನು ಗುರುತಿಸುತ್ತದೆ. ೞಕಾರವುಳ್ಳ ಪದಗಳನ್ನು ಆತ ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಹದಿಮೂರನೆಯ ಶತಮಾನದ ಹೊತ್ತಿಗೆ ಅವು ಳಕಾರದೊಡನೆ ಬೆರೆತುಹೋಗಿದ್ದವು ಎಂದೇ ಅರ್ಥ. ಕಾಗುಣಿತಭೇದಗಳ ಮೊದಲ ದತ್ತಾಂಶವನ್ನು ಕನ್ನಡಕ್ಕೆ ಕೊಟ್ಟವನು ಕೇಶಿರಾಜ ಎಂದರೆ ಅತಿಶಯೋಕ್ತಿಯಾಗದು. ಅದೇ ೞಕಾರಕ್ಕೆ ಯುನಿಕೋಡ್ ಕೋಷ್ಟಕದಲ್ಲಿ ‘ಫ’ ಎಂಬ ಹೆಸರು ತಪ್ಪಾಗಿ ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಇಂದಿಗೂ ಹಾಗೆಯೇ ಉಳಿದಿದೆ. ಕನ್ನಡ ಬಲ್ಲವರ ಕಣ್ಣು ತಪ್ಪಿದಲ್ಲಿ ಏನಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ೞಕಾರದ ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕು; ಹೊಂದಾಣಿಕೆಯ ನಿಜವಾದ ಕಷ್ಟ ಇಲ್ಲಿದೆ. ಸ್ವರಗಳ ನಡುವೆ ಅದು ಳಕಾರವಾಯಿತು: ‘ಏೞು’ ‘ಏಳು’. ವ್ಯಂಜನದ ಹಿಂದೆ ರೇಫವಾಗಿ ಕೊನೆಗೆ ಮುಂದಿನ ವ್ಯಂಜನದಲ್ಲಿ ಲೀನವಾಯಿತು: ‘ಕೞ್ತಲೆ’, ‘ಕರ್ತಲೆ’, ‘ಕತ್ತಲೆ’, ‘ಕೞ್ತೆ’, ‘ಕರ್ತೆ’, ‘ಕತ್ತೆ’. ಆದುದರಿಂದ ತೂಕವನ್ನು ಅಕ್ಷರಕ್ಕೆ ಮಾತ್ರ ಕಟ್ಟಿದರೆ ಸಾಲದು, ಅದರ ಪರಿಸರಕ್ಕೂ ಕಟ್ಟಬೇಕು. ಅಷ್ಟೇ ಮುಖ್ಯವಾದುದು ಕಾಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಹತ್ತನೆಯ ಶತಮಾನದ ಪಠ್ಯದಲ್ಲಿ ಇವನ್ನು ಒಂದಾಗಿಸಿದರೆ ಬದುಕಿಗೂ ಕತ್ತಿಗೂ ಭೇದ ಉಳಿಯದು. ಹದಿನಾಲ್ಕನೆಯ ಶತಮಾನದ ಪಠ್ಯದಲ್ಲಿ ಒಂದಾಗಿಸದಿದ್ದರೆ ‘ಬಾಳ್’ ಎಂದು ಬರೆದ ‘ಬಾೞ್’ಗಳೆಲ್ಲ ಕೈತಪ್ಪುತ್ತವೆ. ಒಂದೇ ಬದಲಾವಣೆಗೆ ಮೊದಲ ಪಠ್ಯದಲ್ಲಿ ಹೆಚ್ಚು ಬೆಲೆ, ಎರಡನೆಯದರಲ್ಲಿ ಬೆಲೆಯೇ ಇಲ್ಲ. ಶಾಸನಗಳಲ್ಲಿ ಬಹುಪಾಲಿಗೆ ತೇದಿಯಿರುವುದರಿಂದ ಕಾಲಾನುಸಾರವಾದ ತೂಕಪಟ್ಟಿ ಸಾಧ್ಯ. ಬೇರೆ ಭಾಷೆಗಳ ಅನೇಕ ಹಸ್ತಪ್ರತಿಸಂಗ್ರಹಗಳಿಗೆ ಈ ಭಾಗ್ಯವಿಲ್ಲ.

ಇಲ್ಲೊಂದು ಅಪಾಯವನ್ನೂ ಹೇಳಲೇಬೇಕು. ತೇದಿಯಿಲ್ಲದ ಶಾಸನದ ಕಾಲವನ್ನು ನಿರ್ಧರಿಸುವಾಗ ಲಿಪಿಯ ಜೊತೆಗೆ ಱ, ೞ, ಪಕಾರ–ಹಕಾರಗಳ ಸ್ಥಿತಿಯನ್ನೂ ಸಾಕ್ಷ್ಯವಾಗಿ ಹಿಡಿಯುವುದು ವಾಡಿಕೆ. ಊಹೆಯಿಂದ ಒಂದು ಕಾಲವನ್ನು ಗಣಕಕ್ಕೆ ಕೊಟ್ಟು, ಆ ಕಾಲದ ತೂಕಪಟ್ಟಿಯಿಂದ ರೂಪಗಳನ್ನು ಹೊಂದಿಸಿ, ಹೊಂದಿಸಿದ ರೂಪಗಳನ್ನೇ ಕಾಲನಿರ್ಣಯಕ್ಕೆ ಆಧಾರವಾಗಿ ತಂದರೆ ಅದು ಶುದ್ಧ ಚಕ್ರಕದೋಷ. ಗಣಕದ ಮುದ್ರೆ ಬಿದ್ದ ಮಾತ್ರಕ್ಕೆ ತರ್ಕದೋಷ ಗುಣವಾಗದು.

ಇದರಿಂದ ಇನ್ನೊಂದು ತತ್ತ್ವ ಹೊರಡುತ್ತದೆ. ಹೊಂದಿಸುವುದು ಬೇರೆ, ತಿದ್ದುವುದು ಬೇರೆ. ಹುಡುಕಾಟಕ್ಕೆ ಅನುಕೂಲವಾಗಲೆಂದು ಪಠ್ಯದಲ್ಲೇ ‘ಧರ್ಮ್ಮ’ವನ್ನು ‘ಧರ್ಮ’ವೆಂದೂ ‘ಸಕವರುಷ’ವನ್ನು ‘ಶಕವರ್ಷ’ವೆಂದೂ ಏಕರೂಪಗೊಳಿಸಿದರೆ ಲಿಪಿಕಾರನ ಕಾಲ, ಪ್ರದೇಶ, ವಿದ್ಯೆಗಳ ಸುಳಿವು ಅಳಿದುಹೋಗುತ್ತದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಆರಂಭಿಕ ಆಧುನಿಕ ಇಂಗ್ಲಿಷಿಗಾಗಿ ರೂಪಿಸಿದ ವಾರ್ಡ್ ಎಂಬ ತಂತ್ರಾಂಶ ತಿಳಿದ ಭೇದಗಳ ಪಟ್ಟಿ, ಅಕ್ಷರನಿಯಮಗಳು, ಉಚ್ಚಾರಣಾಸಾಮ್ಯ, ಅಂತರ ಇವೆಲ್ಲವನ್ನೂ ಒಟ್ಟಿಗೆ ಬಳಸುತ್ತದೆ. ಆದರೆ ಏಕರೂಪದ ಪಕ್ಕದಲ್ಲೇ ಮೂಲರೂಪವನ್ನು ಉಳಿಸಿಕೊಳ್ಳುತ್ತದೆ. ಕನ್ನಡದ ಗಣಕೀಕರಣ ಯೋಜನೆಗಳು ಅನುಸರಿಸಬೇಕಾದ ಕನಿಷ್ಠ ಮರ್ಯಾದೆ ಇದು. ನಿಜ, ಕೆಲವು ವ್ಯತ್ಯಾಸಗಳನ್ನು ನಿಸ್ಸಂಕೋಚವಾಗಿ ಒರಸಿಹಾಕಬಹುದು. ಓಕಾರದ ಚಿಹ್ನೆಯನ್ನು ಒಂದು ಸಂಕೇತವಾಗಿಯೂ ಬಿಡಿ ಸಂಕೇತಗಳ ಸರಣಿಯಾಗಿಯೂ ಬರೆಯಬಹುದಾದುದರಿಂದ ಕಣ್ಣಿಗೆ ಒಂದೇ ಆದ ಪದಗಳು ಗಣಕಕ್ಕೆ ಎರಡಾಗುತ್ತವೆ. ಬಿಂದುವಿನ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಬೆರಳಚ್ಚಿನ ಅಭ್ಯಾಸವೂ ಇದೆ. ಇವು ಇಂದಿನ ಕೀಲಿಮಣೆಯ ಸೃಷ್ಟಿ. ಲಿಪಿಕಾರನಿಗೂ ಇವಕ್ಕೂ ಸಂಬಂಧವಿಲ್ಲ.

ಗಣನಕ್ರಮಗಳನ್ನು ಹೋಲಿಸುವವರು ಸಾಮಾನ್ಯವಾಗಿ ಎರಡು ಅಳತೆಗಳನ್ನು ಹಿಡಿಯುತ್ತಾರೆ: ತಂದುಕೊಟ್ಟವುಗಳಲ್ಲಿ ಸರಿಯಾದವು ಎಷ್ಟು, ತರಬೇಕಾಗಿದ್ದವುಗಳಲ್ಲಿ ತಂದವು ಎಷ್ಟು. ಪದಪ್ರಯೋಗಗಳನ್ನು ಸಂಗ್ರಹಿಸುವ ನಿಘಂಟುಕಾರರಿಗೆ ಎರಡನೆಯದು ಮುಖ್ಯ. ಹತ್ತು ಅಸಂಬದ್ಧ ರೂಪಗಳನ್ನು ಕೈಯಿಂದ ತೆಗೆದುಹಾಕುವುದು ಅವರಿಗೆ ಶ್ರಮವಲ್ಲ, ಒಂದು ಪ್ರಯೋಗ ತಪ್ಪಿಹೋಗುವುದು ನಷ್ಟ. ಪದಗಳ ಆವರ್ತನವನ್ನು ಎಣಿಸಿ ಕವಿಯ ಶೈಲಿಯ ಬಗೆಗೆ ಮಾತನಾಡುವವರಿಗೆ ಮೊದಲನೆಯದೇ ಪ್ರಾಣ. ಉದ್ದೇಶವನ್ನು ಹೇಳದೆ ‘ಅತ್ಯುತ್ತಮ ಗಣನಕ್ರಮ’ ಎಂದು ಘೋಷಿಸುವ ಪ್ರಬಂಧಗಳನ್ನು ಈ ಕಾರಣಕ್ಕೆ ಸಂಶಯದಿಂದಲೇ ಓದಬೇಕು.

ಈ ಎರಡು ಅಳತೆಗಳಿಗೂ ಸರಿ ಉತ್ತರಗಳ ಒಂದು ಪಟ್ಟಿ ಮೊದಲೇ ಇರಬೇಕು. ಕನ್ನಡ ವಿಭಾಗಗಳ ಕೈಯಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಹರಡಿ ಬಿದ್ದಿದೆ. ಪ್ರಾಚೀನ ಕಾವ್ಯಗಳ ಸಂಪಾದಿತ ಆವೃತ್ತಿಗಳ ಅಡಿಟಿಪ್ಪಣಿಯಲ್ಲಿ ದಾಖಲಾದ ಒಂದೊಂದು ಪಾಠಾಂತರವೂ, ಒಂದೇ ಸ್ಥಾನದಲ್ಲಿ ಬರುವ ಎರಡು ರೂಪಗಳ ಒಂದು ಜೋಡಿ. ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲೂ, ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳಲ್ಲೂ ತೇದಿಯೊಡನೆ ಇಂಥ ರೂಪಗಳಿವೆ. ೧೮೯೪ರ ಕಿಟ್ಟೆಲ್ ನಿಘಂಟಿನಲ್ಲಿ ಒಂದು ರೂಪದಿಂದ ಇನ್ನೊಂದಕ್ಕೆ ಕಳಿಸುವ ಉಲ್ಲೇಖಗಳು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ರೂಪಾಂತರಗಳು ಇದೇ ಕೆಲಸಕ್ಕೆ ಒದಗುತ್ತವೆ. ತಲೆಮಾರುಗಳ ಸಂಪಾದಕರು ಎಣ್ಣೆದೀಪದ ಬೆಳಕಿನಲ್ಲಿ ಬಿಡಿಸಿಟ್ಟದ್ದನ್ನು ಅಡಿಟಿಪ್ಪಣಿಯೆಂದು ಕಣ್ಣು ಹಾರಿಸಿ ಓದುವುದು ಈಗ ದುಬಾರಿಯಾದ ಅಭ್ಯಾಸ.

ಸಾಮಗ್ರಿಯ ಮಿತಿಗಳು ಸ್ಪಷ್ಟವಾಗಿವೆ. ಕೇವಲ ಲಿಪಿರೂಢಿಯ ಭೇದಗಳನ್ನು ಎಷ್ಟೋ ಸಂಪಾದಕರು ಕ್ಷುಲ್ಲಕವೆಂದು ಕೈಬಿಟ್ಟಿದ್ದಾರೆ. ಅವರ ಉದ್ದೇಶಕ್ಕೆ ಅದು ಸರಿಯಾಗಿಯೇ ಇತ್ತು. ಉಳಿದ ಪಾಠಾಂತರಗಳಲ್ಲಿ ಬರೆಹದ ಭೇದ, ಧ್ವನಿಪರಿಣಾಮ, ಕೈತಪ್ಪು, ಬೇರೆಯದೇ ಪದ ಎಲ್ಲ ಬೆರೆತಿವೆ. ಇವನ್ನು ಬೇರ್ಪಡಿಸಿ ಗುರುತು ಹಾಕುವುದು ಗಣಕದಿಂದ ಆಗದ, ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ವಿದ್ಯಾರ್ಥಿಗಳಿಂದ ಆಗಬಲ್ಲ ಕೆಲಸ. ಒಂದು ಕಾವ್ಯದ ಒಂದು ಆಶ್ವಾಸ, ಒಂದು ತಾಲೂಕಿನ ಶಾಸನಗಳು, ಹೀಗೆ ಹಂಚಿಕೊಂಡರೂ ಕೆಲವೇ ವರ್ಷಗಳಲ್ಲಿ ಸಾವಿರಾರು ಜೋಡಿಗಳು ಸಿದ್ಧವಾಗುತ್ತವೆ. ಪ್ರತಿಯೊಂದು ಜೋಡಿಗೂ ಎರಡು ರೂಪಗಳು, ಅವು ಬಂದ ಸ್ಥಳ, ಕಾಲ, ವ್ಯತ್ಯಾಸದ ಬಗೆ ಇಷ್ಟು ಇದ್ದರೆ ಸಾಕು. ಒಂದೇ ಜೋಡಿಯನ್ನು ಇಬ್ಬರು ಪ್ರತ್ಯೇಕವಾಗಿ ಗುರುತಿಸಿ, ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯವರು ತೀರ್ಮಾನಿಸುವ ಏರ್ಪಾಡು ಇರಬೇಕು. ಭಿನ್ನಾಭಿಪ್ರಾಯವನ್ನು ಅಳಿಸದೆ ದಾಖಲಿಸಬೇಕು.

‘ಯಾತ್ರೆ’ ಮತ್ತು ‘ಜಾತ್ರೆ’ಗಳಂಥ ಜೋಡಿಗಳಲ್ಲಿ ಅಂಥ ಭಿನ್ನಾಭಿಪ್ರಾಯ ಖಚಿತ. ಕೇಶಿರಾಜನ ದೃಷ್ಟಿಯಲ್ಲಿ ಅವು ತತ್ಸಮ–ತದ್ಭವಗಳು, ಒಂದೇ ಪದದ ಎರಡು ರೂಪ. ಇಂದಿನ ಕನ್ನಡದಲ್ಲಿ ಕಾಶಿಗೆ ಹೋಗುವುದು ಯಾತ್ರೆ, ಊರಲ್ಲಿ ತೇರು ಎಳೆಯುವುದು ಜಾತ್ರೆ. ಪಾಲಿನ ‘ಪಾಲು’ ಬೇರೆ, ಹಾಲಾದ ‘ಪಾಲ್’ ಬೇರೆ. ಇಂಥವನ್ನು ‘ಒಂದೇ’, ‘ಬೇರೆ’ ಎಂಬ ಎರಡು ಮನೆಗಳಲ್ಲಿ ಬಲವಂತವಾಗಿ ಕೂರಿಸದೆ, ಯಾವ ಕಾಲದವರೆಗೆ ಒಂದು, ಯಾವಾಗಿನಿಂದ ಎರಡು ಎಂದು ಬರೆದುಕೊಳ್ಳುವ ಮೂರನೆಯ ಮನೆಯೊಂದು ಪಟ್ಟಿಯಲ್ಲಿ ಆರಂಭದಿಂದಲೇ ಇರಬೇಕು.